ಪಕೀರಪ್ಪನ ಗಾಡಿ ಚಾಲೂ ಆದದ್ದು

ಮುದುಕವ್ವನ ಹ್ಯಾಟೆಕೋಳಿ ಹೋಗಿ ಹೋಗಿ ಮಿಲಿಟರಿ ಟ್ರಕ್ಕಿನ ಇಂಜಿನ್ ಮೇಲೆ ಕಾವಿಗೆ ಕೂತಿತು. ಆ ಸೋಮವಾರದ ರಾಮಾಯಣ ಶುರುವಾದದ್ದು ಅಲ್ಲಿಂದ.

ಇದರಲ್ಲಿ ಕೋಳಿಯ ತಪ್ಪೇನೂ ಇರಲಿಲ್ಲ. ಇರಕಲ್ಲಗಡದ ಪಕ್ಕದ ಆ ಹಳ್ಳಿಯ ಕೇರಿಯಲ್ಲಿ, ಬೇವಿನ ಗಿಡದ ಕೆಳಗೆ ಎರಡು ಮಳೆಗಾಲ ನಿಂತ ಟ್ರಕ್ಕು ಗಾಡಿ ಎಂಬ ದರ್ಜೆಯಿಂದ ಇಳಿದು ಗೋಡೆ ಎಂಬ ದರ್ಜೆಗೆ ಬಂದುಬಿಟ್ಟಿತ್ತು. ಹೆಂಗಸರು ಅದರ ಮೈಮೇಲೆ ಕುಳ್ಳು ತಟ್ಟುತ್ತಿದ್ದರು, ಕೌದಿ ಒಣಹಾಕುತ್ತಿದ್ದರು. ಓಟಿನವರು ಬಂದಾಗ ಅದಕ್ಕೂ ಸುಣ್ಣ ಬಳಿದು ಚಿಹ್ನೆ ಬರೆದು ಹೋಗಿದ್ದರು. ಅದರ ಮಾಲೀಕ ಪಕೀರಪ್ಪ ಫೌಜಿನಲ್ಲಿ ಇಂಥದೇ ಗಾಡಿ ಹೊಡೆದು ಹೊಡೆದು ಸೊಂಟ ಕಳೆದುಕೊಂಡವನು. ಅವನಿಗೆ ಪಿಂಚಣಿ ಕೊಟ್ಟು ಕಳಿಸಿದ ವರ್ಷವೇ ಫೌಜಿನವರು ಹಳೆಯ ಗಾಡಿಗಳನ್ನು ಹರಾಜಿಗಿಟ್ಟರು. ದೇಶ ಇಬ್ಬರನ್ನೂ ಒಟ್ಟಿಗೇ ಬೇಡವೆಂದದ್ದರಿಂದ ಇಬ್ಬರೂ ಒಟ್ಟಿಗೇ ಊರಿಗೆ ಬಂದರು.

“ಏ ಪಕೀರ್ಯಾ, ಬಾನೆಟ್ ಎತ್ತಬ್ಯಾಡೋ! ನನ್ನ ಹ್ಯಾಟಿ ಕಾವಿಗೆ ಕುಂತೈತಿ,” ಎಂದು ಮುದುಕವ್ವ ತನ್ನ ಗುಡಿಸಲಿನಿಂದಲೇ ಕೂಗಿದಳು.

“ಇದು ಗಾಡಿ ಐತಿ ಯತ್ತಿ, ಕೋಳಿ ಬುಟ್ಟಿ ಅಲ್ಲ.”

“ಗಾಡಿ ಅಂದ್ರ ತಿರಗತೈತಪಾ. ಇದು ಯಾವತ್ತ ತಿರಗೈತಿ? ನನ್ನ ಕೋಳೀನ ಇದಕ್ಕಿಂತ ಹೆಚ್ಚು ದೇಶ ತಿರಗೈತಿ.”

ನೀರಿಗೆ ಬಂದ ಹೆಂಗಸರು ಕೊಡ ಕೆಳಗಿಟ್ಟು ನಕ್ಕರು. ಪಕೀರಪ್ಪನ ಮೀಸೆ ನೆಟ್ಟಗಾಯಿತು.

“ನಗ್ರಿ, ನಗ್ರಿ. ಇವತ್ತ ಸಂಜೀಕ ಇದ ಗಾಡ್ಯಾಗ ನಿಮ್ಮನ್ನೆಲ್ಲಾ ನವಲಿಗೆ ಮುಟ್ಟಸ್ಲಿಲ್ಲಂದ್ರ ನಾ ಫೌಜಿನ್ಯಾಗ ಇದ್ದವನ ಅಲ್ಲ!”

ಎಲ್ಲರ ನಗು ಜೋರಾಯಿತು. ಹುಲಗಮ್ಮನದು ಮಾತ್ರ ನಿಂತಿತು. ಅವಳು ಕೇರಿಯ ನಾಟಿ ಗುಂಪಿನ ಮುಖ್ಯಸ್ಥೆ. ಕಾಲುವೆ ಸೀಮೆಯಲ್ಲಿ ಎರಡನೇ ಬೆಳೆಯ ನೀರು ಬಿಟ್ಟಾಗ ಇಪ್ಪತ್ತು ಹೆಂಗಸರನ್ನು ಕಟ್ಟಿಕೊಂಡು ನವಲಿಗೆ ಭತ್ತ ನಾಟಿ ಮಾಡಲು ಹೋಗುವವಳು. ಮರುದಿನ ನಸುಕಿಗೇ ಅಲ್ಲಿ ಗದ್ದೆಗೆ ಇಳಿಯಬೇಕು. ತಡವಾದರೆ ಗದ್ದೆಯವರು ಬೇರೆ ಗುಂಪನ್ನು ಇಳಿಸುತ್ತಾರೆ. ಊರಲ್ಲಿ ಓಡುವ ಗಾಲಿಯೆಂದರೆ ಗೌಡರ ಲಾರಿಯದು ಒಂದೇ. ಗೌಡರು ಅದಕ್ಕೆ ಬಾಡಿಗೆ ತೆಗೆದುಕೊಳ್ಳುತ್ತಿರಲಿಲ್ಲ, ದೊಡ್ಡ ಮನಸ್ಸಿನವರು. ನಾಟಿಯಿಂದ ತಿರುಗಿ ಬಂದ ಹೆಂಗಸರು ಅವರ ಹೊಲದ ಕಳೆಯನ್ನೆಲ್ಲ ಪುಕ್ಕಟೆ ತೆಗೆದುಕೊಟ್ಟರೆ ಸಾಕಿತ್ತು. “ಇದು ಬಾಡಿಗಿ ಅಲ್ಲವಾ, ಪ್ರೀತಿ,” ಎನ್ನುತ್ತಿದ್ದರು. ಆ ಪ್ರೀತಿಗೆ ಬಗ್ಗಿ ಬಗ್ಗಿ ಹುಲಗಮ್ಮನ ಬೆನ್ನು ಕುಡುಗೋಲಿನಂತಾಗಿತ್ತು.

“ಖರೇನ ಪಕೀರಣ್ಣ?”

“ಖರೇ.”

“ಕಳೆ ತಗಿಯೂದು?”

“ನನ್ನ ಹತ್ರ ಹೊಲಾನ ಇಲ್ಲಲ್ಲಬೇ, ಕಳೆ ಎಲ್ಲೀದು?”

ಹುಲಗಮ್ಮ ಕೊಡವನ್ನು ಅಲ್ಲೇ ಬಿಟ್ಟು ಮೇಲಿನ ಓಣಿಯ ಕಡೆ ನಡೆದಳು. ಪಕೀರಪ್ಪನಿಗೆ ಬೀಡಿ ಹೊತ್ತಿಸುವಷ್ಟು ಪುರಸೊತ್ತೂ ಸಿಗಲಿಲ್ಲ. ಅಷ್ಟರಲ್ಲಿ ತಿರುಗಿ ಬಂದಳು.

“ಹೇಳಿ ಬಂದೆ. ‘ನಿಮ್ಮ ಲಾರಿ ನಿಮ್ಮ ಅಂಗಳದಾಗ ಇರ್ಲಿ ಗೌಡ್ರ, ನಮಗ ನಮ್ಮ ಗಾಡಿ ಐತಿ’ ಅಂದೆ. ಎಷ್ಟ ವರ್ಷದ್ದೋ ಏನೋ, ಹೊಟ್ಟಿ ಹಗುರಾತು.”

ಹಗುರಾದ ಭಾರವೆಲ್ಲ ನೇರ ಪಕೀರಪ್ಪನ ಹೊಟ್ಟೆಗೆ ಬಂದು ಕೂತಿತು. “ಗೌಡ್ರು ಏನಂದ್ರು?”

“ಏನೂ ಅನ್ಲಿಲ್ಲ. ನಕ್ಕರು.”

ಗೌಡರು ಬೈದರೆ ಏನು ಮಾಡಬೇಕೆಂದು ಕೇರಿಗೆ ಗೊತ್ತಿತ್ತು. ನಕ್ಕರೆ ಏನು ಮಾಡಬೇಕೆಂದು ಯಾವ ಹಿರಿಯರೂ ಹೇಳಿಕೊಟ್ಟಿರಲಿಲ್ಲ.

ಕೋಳಿಯನ್ನು ಮೊಟ್ಟೆಸಮೇತ ಮುದುಕವ್ವನ ಉಡಿಗೆ ದಾಟಿಸಿ ಪಕೀರಪ್ಪ ರಾಜಾಸಾಬನನ್ನು ಹುಡುಕಿಕೊಂಡು ಹೊರಟ. ರಾಜಾಸಾಬ ಸುತ್ತ ಹಳ್ಳಿಯ ಪಂಪಸೆಟ್ಟುಗಳ ಹಕೀಮ. ಅವತ್ತು ಊರಾಚೆ ಗೌಡರ ಬಾವಿಯ ಪಂಪಸೆಟ್ಟಿನೊಳಗೆ ತಲೆ ತೂರಿಸಿ ಕೂತಿದ್ದ; ಹೊರಗೆ ಕಾಣುತ್ತಿದ್ದದ್ದು ಲುಂಗಿ ಮತ್ತು ಅಭಿಮಾನ.

“ರಾಜಾಭಾಯ್, ಟ್ರಕ್ ರಿಪೇರಿ ಬರತೈತೇನು ನಿನಗ?”

“ಯಾಕ ಬರಾಂಗಿಲ್ಲ? ಪಂಪಸೆಟ್ಟಿಗೆ ಗಾಲಿ ಹಚ್ಚಿದ್ರ ಟ್ರಕ್ಕು, ಟ್ರಕ್ಕಿನ ಗಾಲಿ ಬಿಚ್ಚಿದ್ರ ಪಂಪಸೆಟ್ಟು. ನಮ್ಮ ಅಬ್ಬಾಂದು ನಿಜಾಮರ ಕಾಲದ ಮೋಟಾರಿಗೆ ಹವಾ ಹಾಕಿದ ಕೈ ಭಾಯ್!”

“ಹಂಗಾರ ಏಳು, ಕೇರಿಗೆ ಹೋಗೂನು.”

“ನಾ ಹ್ಯಾಂಗ ಬರ್ಲಿ? ಈ ಬಾವಿ ಬಿಟ್ಟು ಕದಲಿದ್ರ ಗೌಡ್ರು ನನ್ನ ಹಲ್ಲು ಕದಲಿಸ್ತಾರ. ಗಾಡೀನ ಇಲ್ಲಿಗೆ ಹೊಡಕೊಂಡು ಬಾ. ಇಂಜಿನ್ ಎತ್ತಾಕ ಇಲ್ಲಿ ರಾಟಿ ಐತಿ, ಗಳ ಐತಿ.”

“ಹೊಡಕೊಂಡು ಬರಾಂಗಿದ್ರ ನಿನ್ನ ಹತ್ರ ಯಾಕ ಬರ್ತಿದ್ನೋ?”

“ಅದು ನಿನ್ನ ಕಡಿ ಕೆಲಸ,” ಎಂದು ರಾಜಾಸಾಬ ಮತ್ತೆ ಪಂಪಸೆಟ್ಟಿನೊಳಗೆ ಅಂತರ್ಧಾನನಾದ.

ಗಾಡಿ ಎಳೆಯಲು ಎತ್ತು ಬೇಕಾಯಿತು. ಎತ್ತೆಂದರೆ ವಿರುಪಣ್ಣನವು: ಎರಡು ಜೋಡಿ, ಆನೆಮರಿಗಳಂಥವು. ಪಕೀರಪ್ಪ ಹೋದಾಗ ಅವು ಕೊಟ್ಟಿಗೆಯ ನೆರಳಲ್ಲಿ ಹಣೆಗೆ ವಿಭೂತಿ ಹಚ್ಚಿಕೊಂಡು, ನಿವೃತ್ತ ಜಡ್ಜಿಗಳಂತೆ ಮೆಲುಕು ಹಾಕುತ್ತಿದ್ದವು.

“ಒಂದ ತಾಸು ಎತ್ತು ಕೊಡ್ರಿ ವಿರುಪಣ್ಣ, ಗಾಡಿ ಬಾವಿತನಕ ಎಳಿಸಿ ಬಿಟ್ಟು ಹೊಕ್ಕೀನಿ.”

ವಿರುಪಣ್ಣ ನಾಲಿಗೆ ಕಚ್ಚಿಕೊಂಡ. “ಇವತ್ತ ಯಾವ ವಾರ ಐತಿ, ಖಬರ ಐತೇನು? ಸೋಮವಾರ! ಬಸವಣ್ಣನ ಹೆಗಲಿಗೆ ಇವತ್ತ ನೊಗ ಇಟ್ರ ನನ್ನ ವಂಶ ಉಳದೀತೇನಲೇ? ಪಾಪ, ಬಾಯಿ ಇಲ್ಲದ ಜೀವ, ವಾರದಾಗ ಒಂದ ದಿನ ಅವೂ ದಣಿವಾರಿಸಿಕೋಬೇಕು.”

ಅವನ ಬೆನ್ನ ಹಿಂದೆ ಕೇರಿಯ ನಾಲ್ವರು ತಿಪ್ಪೆಗೊಬ್ಬರದ ಬುಟ್ಟಿ ಹೊತ್ತು ಓಡಾಡುತ್ತಿದ್ದರು. ಅದರಲ್ಲೊಬ್ಬ ಪಕೀರಪ್ಪನ ಚಿಕ್ಕಪ್ಪ.

“ಅವರಿಗೂ ಇವತ್ತ ಸೋಮವಾರನ ಅಲ್ರಿ ಅಣ್ಣ?”

“ಯಾರಿಗೆ? ಅವರಿಗಾ?” ವಿರುಪಣ್ಣ ಹೊಟ್ಟೆ ಕುಣಿಸಿ ನಕ್ಕ. “ಅವರು ಮನಷ್ಯಾರಲೋ! ಮನಷ್ಯಾರಿಗೆ ಎಲ್ಲೀ ಸೋಮವಾರ?”

ಮೇಲಿನ ಓಣಿಯ ಬಾಯಲ್ಲಿ ಕೇರಿಯವರು ಮನುಷ್ಯರೆಂದು ಒಪ್ಪಿಗೆ ಬಂದದ್ದು ಊರಿನ ಇತಿಹಾಸದಲ್ಲಿ ಅದೇ ಮೊದಲು. ಅದಕ್ಕೊಂದು ಬಾವಿಹಗ್ಗದ ಇನಾಮೂ ಸಿಕ್ಕಿತು. “ಹಗ್ಗ ಬೇಕಾದ್ರ ಒಯ್ಯಿ. ಹಗ್ಗಕ್ಕ ಸೋಮವಾರ ಇಲ್ಲ,” ಎಂದ ವಿರುಪಣ್ಣ.

ಎತ್ತುಗಳ ಜಾಗದಲ್ಲಿ ಮನುಷ್ಯರು ನಿಂತರು. ಮುಂದೆ ಹಗ್ಗ ಹಿಡಿದವರು ನಾಟಿ ಗುಂಪಿನ ಹೆಂಗಸರು, ಹಿಂದೆ ದಬ್ಬಿದವರು ಅವರ ಗಂಡಂದಿರು. ಹವಾ ಹೋದ ಗಾಲಿಗೆ ಜೋಳದ ಕಣಿಕೆ ತುರುಕಿದರು. ಪಕೀರಪ್ಪ ಸ್ಟೇರಿಂಗ್ ಹಿಡಿದು ಕೂತು ಫೌಜಿನ ಹಿಂದಿಯಲ್ಲಿ ಹುಕುಂ ಕೊಟ್ಟ. ಗಾಡಿ ಹೆರಿಗೆನೋವಿನ ಎಮ್ಮೆಯಂತೆ ಒಮ್ಮೆ ನರಳಿ, ಬೇವಿನ ಗಿಡದ ಬೇರು ಬಿಡಿಸಿಕೊಂಡು ಹೊರಟಿತು.

ಊರಬಾಗಿಲಲ್ಲಿ ಧ್ವನಿವರ್ಧಕ ಕಟ್ಟಿದ ಜೀಪೊಂದು ಎದುರಾಯಿತು. “ಬಡವರ ಬಂಧು ಬರುತ್ತಿದ್ದಾರೆ! ಬಡವರ ಬಂಧು ಬರುತ್ತಿದ್ದಾರೆ!” ಎಂದು ಅದು ಕಿರುಚಿತು. ಬಡವರು ತಮ್ಮ ಬಂಧುವಿಗೆ ದಾರಿ ಬಿಡಲು ಗಾಡಿಯನ್ನು ಚರಂಡಿಗೆ ಇಳಿಸಬೇಕಾಯಿತು. ಬಂಧು ಕೈ ಮುಗಿದು ದಾಟಿಹೋದರು. ಗಾಡಿಯನ್ನು ಮೇಲೆತ್ತುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು.

ಬಾವಿಗೆ ಹೋಗುವ ದಾರಿ ಗುಡಿಯ ಮುಂದಿನಿಂದಲೇ ಹಾಯುತ್ತಿತ್ತು. ಅಲ್ಲಿ ವಿರುಪಣ್ಣ ಎರಡೂ ಕೈ ಚಾಚಿ ನಿಂತಿದ್ದ.

“ಕೇರಿ ಗಾಡಿ ಈ ದಾರೀಲೆ ಹೋಗಾಂಗಿಲ್ಲ. ಸುತ್ತಿಬಳಸಿ ಹಳ್ಳದಾಗಿಂದ ಹಾದು ಹೋಗ್ರಿ.”

“ಇದು ಕೇರಿ ಗಾಡಿ ಅಲ್ರಿ, ಮಿಲಿಟರಿ ಗಾಡಿ,” ಎಂದ ಪಕೀರಪ್ಪ. “ಇದರಾಗ ಕುಂತು ಎಂತೆಂಥಾ ದೊಡ್ಡ ಜಾತಿಯವರು ರೊಟ್ಟಿ ತಿಂದಾರ, ಗೊತ್ತೈತೇನು?”

“ಅವಾಗ ಅದು ಸರ್ಕಾರದ್ದು. ಈಗ ನಿಂದು.”

ಗಡಿಯಲ್ಲಿ ಗುಂಡು ತಾಗದೆ ಉಳಿದ ಗಾಡಿಗೆ ಊರೊಳಗೆ ಜಾತಿ ತಾಗಿತ್ತು. ಹಗ್ಗ ಹಿಡಿದ ಹೆಂಗಸರು ಹಗ್ಗ ಬಿಡಲಿಲ್ಲ, ವಿರುಪಣ್ಣ ದಾರಿ ಬಿಡಲಿಲ್ಲ. ಆಗ ಯಾರೂ ಕನಸಿನಲ್ಲೂ ನೆನೆಸದ ಒಂದು ಸಂಗತಿ ನಡೆಯಿತು. ಗೌಡರು ತಮ್ಮ ಕಟ್ಟೆಯಿಂದ ಇಳಿದು ಬಂದರು.

“ಬಿಡೋ ವಿರುಪಣ್ಣ, ಹೋಗ್ಲಿ. ಕಾಲ ಬದಲಾಗೈತಿ. ಬಡವರು ಮ್ಯಾಲ ಏಳೂ ಹೊತ್ನ್ಯಾಗ ಅಡ್ಡ ನಿಂದರಬಾರ್ದು.”

ವಿರುಪಣ್ಣನ ಚಾಚಿದ ಕೈಗಳು ಇಳಿಯುವುದನ್ನೇ ಮರೆತವು. ಗೌಡರು ಅಷ್ಟಕ್ಕೇ ಬಿಡಲಿಲ್ಲ. ದಬ್ಬಲು ತಮ್ಮ ಮನೆಯ ಆಳುಗಳನ್ನು ಕೊಟ್ಟರು. ಪಂಪಸೆಟ್ಟು ಬಿಟ್ಟು ಮೊದಲು ಟ್ರಕ್ಕು ನೋಡುವಂತೆ ರಾಜಾಸಾಬನಿಗೆ ಹೇಳಿ ಕಳಿಸಿದರು. ತಮ್ಮ ಪೀಪಾಯಿಯಿಂದ ಡೀಸೆಲ್ಲನ್ನೂ ಕೊಟ್ಟರು. “ಸಂಜಿಯೊಳಗ ಚಾಲೂ ಆಗ್ಬೇಕು ನೋಡಪಾ ಪಕೀರಪ್ಪ. ನಿನ್ನ ಮಾತು ಉಳೀಬೇಕು,” ಎಂದು ಅವನ ಹೆಗಲ ಹತ್ತಿರ ಕೈ ಒಯ್ದು, ಮುಟ್ಟದೆ ಹಿಂದಕ್ಕೆ ತಂದರು.

ಹುಲಗಮ್ಮ ಹಗ್ಗ ಎಳೆಯುತ್ತಲೇ ಹಿಂದಕ್ಕೆ ತಿರುಗಿದಳು. “ಪಕೀರಣ್ಣ, ನನಗ್ಯಾಕೋ ಅಂಜಿಕಿ ಬರಾಕತ್ತೈತಿ.”

“ಗೌಡ್ರ ಮನಸು ಬದಲಾಗೈತಿ ಯಕ್ಕಾ.”

“ಹಂಗ ಒಮ್ಮಿಂದೊಮ್ಮೆ ಬದಲಾಗಿದ್ರ ಕೊಪ್ಪಳಕ್ಕ ಒಯ್ದು ಡಾಕ್ಟರಿಗೆ ತೋರಸಬೇಕಪಾ.”

ಪಕೀರಪ್ಪನಿಗೆ ಅದನ್ನು ಕೇಳಿಸಿಕೊಳ್ಳುವ ಪುರಸೊತ್ತಿರಲಿಲ್ಲ. ಅವನ ಕಿವಿಯಲ್ಲಿ ಆಗಲೇ ಇಂಜಿನ್ ಸದ್ದು ಕೇಳತೊಡಗಿತ್ತು.

ಬಾವಿಯ ಹತ್ತಿರ ರಾಜಾಸಾಬ ತೋಳೇರಿಸಿ ಗಾಡಿಯ ಹೊಟ್ಟೆಗೆ ಇಳಿದ. ಪಂಪಸೆಟ್ಟಿನ ಪಟ್ಟಾ ತಂದು ಗಾಡಿಯ ಫ್ಯಾನಿಗೆ ಹಾಕಿದ. ನೀರಿನ ಟಾಕಿ ಜರಡಿಯಂತೆ ಸೋರುತ್ತಿದ್ದರೆ ಜೋಳದ ಹಿಟ್ಟು ಕಲಸಿ ತೂತು ಮೆತ್ತಿಸಿದ. ಸುತ್ತ ನಿಂತವರಲ್ಲಿ ಜೀವಮಾನದಲ್ಲಿ ಸೈಕಲ್ಲನ್ನೂ ಹೊಡೆಯದವರು ಒಬ್ಬೊಬ್ಬರಾಗಿ ಸಲಹೆ ಕೊಟ್ಟರು. ಧಾರ್ಮಿಕ ಮನಸ್ಸಿನ ವಿರುಪಣ್ಣ, ಗೌಡರೇ ಬದಲಾದ ಮೇಲೆ ತಾನು ಹಿಂದೆ ಬೀಳಬಾರದೆಂದು, ಇಂಜಿನ್ನಿಗೆ ಊದಿನಕಡ್ಡಿ ಬೆಳಗಲು ಬಂದು ಡೀಸೆಲ್ ವಾಸನೆ ಕಂಡು ಓಡಿದ.

“ಬಂದ್ ಮಾಡೂ ತಂತಿ ಹರದೈತಿ ಭಾಯ್,” ಎಂದ ರಾಜಾಸಾಬ ಮುಖವೆಲ್ಲ ಮಸಿ ಮಾಡಿಕೊಂಡು. “ಎಣ್ಣಿ ಬಿಡೂ ನಳಾನ ತೆರದಿಟ್ಟು ಒಳಗ ಬಿಗದು ಕಟ್ಟೀನಿ.”

“ಮತ್ತ ಗಾಡಿ ಬಂದ್ ಮಾಡೂದು ಹ್ಯಾಂಗ?”

“ಪಂಪಸೆಟ್ಟನ್ನ ಯಾವನರ ಬಂದ್ ಮಾಡ್ತಾನೇನು? ಎಣ್ಣಿ ತೀರಿದ್ರ ತಾನ ಸುಮ್ಮನಾಕೈತಿ.”

“ಬ್ರೇಕು?”

“ಹತ್ತು ಸಲ ತುಳದ್ರ ಒಮ್ಮೆ ಹಿಡೀತೈತಿ. ಪಂಪಸೆಟ್ಟಿಗೆ ಬ್ರೇಕ್ ಇರಾಂಗಿಲ್ಲ ನೋಡು, ಅದೊಂದು ವಿದ್ಯಾ ನನಗ ಬರಾಂಗಿಲ್ಲ.”

ಬ್ಯಾಟರಿ ಇಲ್ಲದ್ದರಿಂದ ಮತ್ತೆ ದಬ್ಬಬೇಕಾಯಿತು. ಮೊದಲ ಸಲಕ್ಕೆ ಗಾಡಿ ಕೆಮ್ಮಿತು. ಎರಡನೆಯ ಸಲಕ್ಕೆ ಸೈಲೆನ್ಸರಿನಿಂದ ಒಂದು ಇಲಿ ಹೊರಬಿದ್ದು ಯಾರಿಗೂ ಹೇಳದೆ ಹೋಯಿತು. ಮೂರನೆಯ ಸಲಕ್ಕೆ ಬಾವಿಯ ಹಕ್ಕಿಗಳೆಲ್ಲ ಹಾರುವಂತೆ ಒಂದು ಸಿಡಿಲು ಸಿಡಿದು, ಕರಿಹೊಗೆ ಎದ್ದು, ಹೊಗೆಯೊಳಗಿಂದ ಕೆಂಪು ಹಲ್ಲು ಕಾಣುವಂತೆ ನಗುವ ಪಕೀರಪ್ಪ ಹೊರಬಂದ. ಗಾಡಿ ಓಡುತ್ತಿತ್ತು! ಗುಡಿಯ ಮುಂದೆ, ಮೇಲಿನ ಓಣಿಯ ನಡುವೆ, ತನ್ನದೇ ಗಾಲಿಯ ಮೇಲೆ ಓಡುತ್ತಿತ್ತು. ಹಗ್ಗ ಎಳೆದು ಅಂಗೈ ಸುಲಿದುಕೊಂಡ ಹೆಂಗಸರು ಕೇಕೆ ಹಾಕಿ ಹಿಂದೆ ಓಡಿದರು. ಕಟ್ಟೆಯ ಮೇಲೆ ಗೌಡರು ಕಾಣಲಿಲ್ಲ. ಅವರು ಎಲ್ಲಿಗೋ ಹೋಗಿದ್ದರು.

ಹೊತ್ತು ಇಳಿಯುವಾಗ ಕೇರಿಯಲ್ಲಿ ಹಬ್ಬ. ಬುತ್ತಿಗಂಟು, ಕೌದಿ, ಅಡುಗೆಯ ಪಾತ್ರೆ ಸಮೇತ ಇಪ್ಪತ್ತು ಹೆಂಗಸರು ಗಾಡಿ ಹತ್ತಿ ಕೂತರು. ನಿಲ್ಲಿಸಲು ಬಾರದ ಇಂಜಿನ್ ಗುಡುಗುಡಿಸುತ್ತಲೇ ಇತ್ತು. ಎಲ್ಲರ ಮಾತಿಗೂ ನಡುಕ ಹತ್ತಿ, ನಾಟಿಯ ಪದ ಹೇಳಹೊರಟವಳ ದನಿ ಆಡಿನ ದನಿಯಾಗಿ, ಅದಕ್ಕೆ ಮತ್ತೊಂದು ಸುತ್ತು ನಗು.

ಅಷ್ಟರಲ್ಲಿ ಒಂದು ಜೀಪು ಬಂದು ಗಾಡಿಯ ಮೂಗಿಗೆ ಮೂಗು ಹಚ್ಚಿ ನಿಂತಿತು. ಅದರಿಂದ ಚುನಾವಣೆಯ ಸಾಹೇಬರು ಇಳಿದರು. ಅವರ ಹಿಂದೆ ಇಬ್ಬರು ಪೊಲೀಸರು. ಅವರ ಹಿಂದೆ ಶಲ್ಯ ಸರಿಪಡಿಸಿಕೊಳ್ಳುತ್ತ ಗೌಡರು.

“ಇದೇನಾ ಗೌಡ್ರೇ ನೀವು ಹೇಳಿದ ಗಾಡಿ? ಭೇಷ್! ನಿನ್ನೆ ನಾನು ನಂಬಿರಲಿಲ್ಲ,” ಎಂದರು ಸಾಹೇಬರು. ಪಕೀರಪ್ಪನ ಕಡೆ ತಿರುಗಿ, “ಮೂರು ದಿನದ ಚುನಾವಣಾ ಡ್ಯೂಟಿಗೆ ಈ ಗಾಡಿಯನ್ನ ವಶಕ್ಕೆ ತಗೊಂಡಿದ್ದೇವೆ. ಗೌಡರ ಲಾರಿಯನ್ನ ಒಯ್ಯೋದಕ್ಕೆ ನಿನ್ನೆ ಬಂದಿದ್ದೆ. ‘ಲಾರಿ ಬಿಡ್ರಿ, ಅದರ ಬದಲಿ ನಾಳೆ ಸಂಜೆಯೊಳಗ ಒಂದು ಮಿಲಿಟರಿ ಗಾಡಿ ರೆಡಿ ಮಾಡಿಸಿ ಕೊಡ್ತೀನಿ’ ಅಂತ ಅವರೇ ಮಾತು ಕೊಟ್ಟರು. ಕೊಟ್ಟ ಮಾತು ಉಳಿಸಿಕೊಂಡರು ನೋಡಪ್ಪ, ದೊಡ್ಡ ಮನುಷ್ಯರು.”

ಗಾಡಿಯ ಮೇಲೆ ನಗು ಕತ್ತರಿಸಿದಂತೆ ನಿಂತಿತು. ಇಂಜಿನ್ ಮಾತ್ರ ನಿಲ್ಲಲಿಲ್ಲ.

“ಸಾಹೇಬ್ರ, ಗಾಡಿಗೆ ಇನ್ನೂ ಪಾಸಿಂಗ್ ಆಗಿಲ್ರಿ. ಕಾಗದಪತ್ರ ಒಂದೂ ಇಲ್ಲ,” ಎಂದ ಪಕೀರಪ್ಪ.

“ಸರ್ಕಾರದ ಕೆಲಸಕ್ಕೆ ಸರ್ಕಾರದ ಪರವಾನಗಿ ಯಾಕಪ್ಪ?”

“ಇದು ಕೆಟ್ಟ ಗಾಡಿರಿ, ನಡಿಯಾಂಗಿಲ್ಲ.”

“ಮತ್ತೆ ಈ ಸದ್ದು ಯಾರದು? ನನ್ನ ಹೊಟ್ಟೆಯದಾ?”

ಪಕೀರಪ್ಪನಿಗೆ ಮಿಂಚಿನಂತೆ ಹೊಳೆಯಿತು. ಕೆಟ್ಟ ಗಾಡಿಯನ್ನು ಯಾವ ಸರ್ಕಾರವೂ ಒಯ್ಯುವುದಿಲ್ಲ. ಎರಡು ವರ್ಷ ಅದು ಅವನದಾಗಿ ಉಳಿದದ್ದೇ ಕೆಟ್ಟು ನಿಂತದ್ದರಿಂದ. ಅವನು ಜಿಗಿದು ಸ್ಟೇರಿಂಗ್ ಮುಂದೆ ಕೂತ. ಗೇರು ಹಾಕಿ, ಬ್ರೇಕು ತುಳಿದು, ಕ್ಲಚ್ ಒಮ್ಮೆಲೇ ಬಿಟ್ಟರೆ ಎಂಥ ಇಂಜಿನ್ನೂ ಉಸಿರು ಕಟ್ಟಿ ಸಾಯುತ್ತದೆ ಎಂಬುದು ಫೌಜಿನ ಪಾಠ. ಗೇರು ಹಾಕಿದ. ಬ್ರೇಕು ತುಳಿದ. ಕ್ಲಚ್ ಬಿಟ್ಟ.

ಅದು ಬ್ರೇಕು ಹಿಡಿಯುವ ಹತ್ತನೆಯ ಸಲವಾಗಿರಲಿಲ್ಲ.

ಗಾಡಿ ಹೂಂಕರಿಸಿ ಮುಂದಕ್ಕೆ ಹಾರಿತು. ಜೀಪನ್ನು ಕೂದಲೆಳೆಯಷ್ಟರಲ್ಲಿ ತಪ್ಪಿಸಿ, ಕೇರಿಯಂಚಿನ ಗೌಡರ ತಿಪ್ಪೆಯನ್ನು ಏರಿತು. ಆಳೆತ್ತರದ ತಿಪ್ಪೆಯ ನೆತ್ತಿಯಲ್ಲಿ, ಚೀರುವ ಇಪ್ಪತ್ತು ಹೆಂಗಸರನ್ನು ಹೊತ್ತು, ಅರಮನೆಯ ಆನೆಯಂತೆ ಕ್ಷಣ ನಿಂತು, ಆಚೆ ಇಳಿದು, ಚರಂಡಿ ದಾಟಿ, ಅರ್ಧ ಸುತ್ತು ಹಾಕಿ, ಹೊರಟಲ್ಲಿಗೇ ಬಂದು, ಆಗ ಹಿಡಿದ ಬ್ರೇಕಿಗೆ ನಿಂತಿತು. ಕ್ಲಚ್ಚಿನ ಮೇಲೆ ಪಕೀರಪ್ಪನ ಕಾಲು ಹಳೆಯ ಅಭ್ಯಾಸದಿಂದ ತಾನಾಗಿಯೇ ಒತ್ತಿತ್ತು. ಇಂಜಿನ್ ಆರೋಗ್ಯವಾಗಿತ್ತು.

ಸಾಹೇಬರು ಚಪ್ಪಾಳೆ ತಟ್ಟಿದರು. “ಅಬ್ಬಬ್ಬಾ! ಎಂಥ ಗಾಡಿ! ಎಂಥ ಡ್ರೈವರ್! ನಾಟಿಗೆ ನೀರು ಬಿಟ್ಟು ಅಲ್ಲಿನ ದಾರಿಯೆಲ್ಲ ಕೆಸರು, ಗಂಗಾವತಿ ಕಡೆಯವರು ಇಂಥದೇ ಬೇಕು ಅಂತ ಬಾಯಿ ಬಡಕೊಳ್ತಿದ್ದಾರೆ. ಫೌಜಿನವನಾ ನೀನು? ಹಾಗಾದರೆ ನೀನೇ ಹೊಡಿ, ದೇಶಸೇವೆ. ಈಗಲೇ ಹೊರಡು. ರಾತ್ರಿಯೊಳಗೆ ನವಲಿಗೆ ಮುಟ್ಟಬೇಕು.”

“ನವಲಿಗೇನ್ರೀ?” ಹುಲಗಮ್ಮ ಗಾಡಿಯ ಅಂಚಿಗೆ ಬಂದು ಕೂಗಿದಳು. “ಯಪ್ಪಾ, ನಾವೂ ಅಲ್ಲಿಗೆ ಹೊಂಟೀವ್ರಿ! ಖಾಲಿ ಹೋಗೂ ಗಾಡಿ, ನಮ್ಮನ್ನ ಅಲ್ಲಿ ಇಳಿಸಿ ನಿಮ್ಮ ಕೆಲಸಕ್ಕ ಒಯ್ರಿ.”

ಸಾಹೇಬರ ಮುಖ ಗಂಭೀರವಾಯಿತು. “ಚುನಾವಣೆ ಗಾಡಿಯೊಳಗೆ ಮತದಾರರನ್ನ ಕೂರಿಸೋದು ದೊಡ್ಡ ಅಪರಾಧ ತಾಯಿ. ಪ್ರಜಾಪ್ರಭುತ್ವಕ್ಕೆ ಧಕ್ಕೆ ಬರುತ್ತೆ. ಇಳೀರಿ, ಇಳೀರಿ.”

ಪ್ರಜಾಪ್ರಭುತ್ವಕ್ಕೆ ಧಕ್ಕೆಯಾಗದಂತೆ ಪೊಲೀಸರು ಬುತ್ತಿಗಂಟುಗಳನ್ನು ಕೆಳಗೆ ಎಸೆದರು. ಹೆಂಗಸರು ಗಂಟು ಆಯ್ದುಕೊಳ್ಳುವಷ್ಟರಲ್ಲಿ ಗೌಡರ ಲಾರಿ ತಾನಾಗಿಯೇ ಬಂದು ಪಕ್ಕದಲ್ಲಿ ನಿಂತಿತ್ತು. ಪ್ರೀತಿಯ ಕಣ್ಣಿಗೆ ಎಲ್ಲ ಮೊದಲೇ ಕಾಣುತ್ತದೆ.

“ಹತ್ರವಾ, ಹತ್ರಿ. ನಾನೇನು ಬೆಳಿಗ್ಗಿನ ಮಾತು ಮನಸಿನ್ಯಾಗ ಇಟ್ಕೊಂಡಿಲ್ಲ,” ಎಂದರು ಗೌಡರು. “ಈ ಸಲ ಕಳೆ ಜೋಡಿ ಶೇಂಗಾ ಕೀಳೂದನ್ನೂ ಮುಗಿಸಿಕೊಟ್ಟುಬಿಡ್ರಿ, ಆತು.”

ನಸುಕಿಗೆ ಗದ್ದೆಗೆ ಇಳಿಯದಿದ್ದರೆ ನಾಟಿಯೇ ಇಲ್ಲ. ಹುಲಗಮ್ಮ ಲಾರಿಯ ಗಾಲಿಗೆ ಕಾಲಿಟ್ಟಳು. ಹತ್ತುವಾಗ ನೆನಪಾಗಿ ಕೇಳಿದಳು: “ಗೌಡ್ರ, ಬುಧವಾರ ಓಟು ಐತಿ. ಅವತ್ತ ನಾವು ಊರಾಗ ಇರಾಂಗಿಲ್ಲ. ನಮ್ಮ ಓಟು?”

“ಅದರ ಚಿಂತಿ ನಿನಗ್ಯಾಕವಾ? ನೀವು ಬರೂತನಕ ನಿಮ್ಮ ಓಟು ಉಪವಾಸ ಬೀಳಾಕ ಬಿಡ್ತೀನೇನು? ಪ್ರತಿಸಲ ಯಾರು ನೋಡಿಕೊಂಡಾರ, ಈ ಸಲಾನೂ ಅವರ ನೋಡಿಕೊಳ್ತಾರ.”

ಲಾರಿ ಮುಂದೆ ಹೊರಟಿತು. ಅದರಲ್ಲಿ ಆಗಲೇ ಗೌಡರ ಜೋಳದ ಚೀಲಗಳಿದ್ದವು. ಚೀಲಗಳ ಮೇಲೆ, ಚೀಲಗಳ ನಡುವೆ, ಒಬ್ಬರ ತೊಡೆಯ ಮೇಲೊಬ್ಬರು ಹೆಂಗಸರು. ನವಲಿಗೆ ಇರುವುದು ಒಂದೇ ದಾರಿ. ಲಾ‌ರಿಯ ಧೂಳು ಕುಡಿಯುತ್ತ ಹಿಂದೆಯೇ ಪಕೀರಪ್ಪನ ಗಾಡಿ ಬಂದಿತು. ಅದರ ವಿಶಾಲವಾದ ಬೆನ್ನಿನ ಮೇಲೆ ಒಬ್ಬನೇ ಪೊಲೀಸ ಕಾಲು ಚಾಚಿ ಮಲಗಿದ್ದ.

ಏರಿನಲ್ಲಿ ಲಾರಿ ನಿಧಾನವಾದಾಗ ಎರಡೂ ಗಾಡಿಗಳು ಮಾತು ಕೇಳುವಷ್ಟು ಹತ್ತಿರ ಬಂದವು. ಲಾರಿಯ ಹಿಂಬದಿಯ ಹಲಗೆಗೆ ಜೋತುಬಿದ್ದು, ಒಂದೇ ಕಾಲ ಮೇಲೆ ನಿಂತಿದ್ದ ಹುಲಗಮ್ಮ ಕೂಗಿದಳು:

“ಪಕೀರಣ್ಣಾ, ಗಾಡ್ಯಾಗ ಜಾಗಾ ಐತೇನಪಾ?”

ಪಕೀರಪ್ಪ ಧೂಳು ಮೆತ್ತಿದ ಮೀಸೆಯ ಒಳಗಿಂದ ಉತ್ತರ ಕೊಟ್ಟ:

“ಐತವಾ, ಜಾಗಾ ಭಾಳ ಐತಿ. ನೀವು ಕುಂದ್ರಾಕ ಪರವಾನಗಿ ಇಲ್ಲ.”